ನಾಯಿಯಿಂದ ಕಲಿಯುವುದು ಹೇಗೆ? ಸಾಕಿದವರಿಗೊಂದು ಹಂತ ಹಂತದ ಮಾರ್ಗದರ್ಶಿ

"ನಾಯಿಯಿಂದ ಬದುಕಿನ ಪಾಠ ಕಲಿಯಬೇಕು ಅಂತ ಎಲ್ಲರೂ ಹೇಳ್ತಾರೆ. ನಿಯತ್ತು, ಕ್ಷಮೆ, ಇವತ್ತಿಗೆ ಇವತ್ತು ಬದುಕೋದು, ಪಟ್ಟಿ ನಮಗೂ ಗೊತ್ತು. ಆದರೆ ಕಲಿಯೋದು ಹೇಗೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಪಟ್ಟಿ ಓದಿ ತಲೆದೂಗಿ ಮರುದಿನ ಮರೆಯುವುದಕ್ಕೆ ಯಾರ ಸಹಾಯವೂ ಬೇಕಿಲ್ಲ.

ನನ್ನ ಪ್ರಕಾರ ಆ ಪಟ್ಟಿಯೇ ಅರ್ಧ ತಪ್ಪು. ನಾಯಿ ನಿಜವಾಗಿ ಏನು ಮಾಡುತ್ತಿದೆ ಎಂದು ನೋಡದೆ, ಅದರ ಬಾಯಿಗೆ ನಮ್ಮ ಮಾತು ತುರುಕಿ, ಆಮೇಲೆ ಅದನ್ನೇ ಪಾಠ ಎನ್ನುತ್ತೇವೆ. ಹಾಗಾಗಿ ಇಲ್ಲಿ ಹೇಳುವ ಕೆಲಸದಲ್ಲಿ ದೊಡ್ಡ ಪಾಲು ನೋಡುವುದೇ. ಸರಿಯಾಗಿ ನೋಡಿದ ಮೇಲೆ ಪ್ರತಿ ಹಂತದಲ್ಲೂ ನೀವು ಮಾಡಬೇಕಾದ ಒಂದು ಸಣ್ಣ ಅಭ್ಯಾಸ ಇರುತ್ತದೆ.

ಏನೇನು ಬೇಕು

ಮನೆಗೆ ಹೊಂದಿಕೊಂಡ ನಾಯಿ. ಹೊಸದಾಗಿ ಬಂದ ನಾಯಿಯಾದರೆ ಒಂದೆರಡು ತಿಂಗಳು ಕಾಯಿರಿ. ಅದಿನ್ನೂ ಜಾಗ, ಜನ, ಸದ್ದುಗಳ ಲೆಕ್ಕ ಹಾಕುತ್ತಿರುತ್ತದೆ. ಒಂದು ನೋಟ್‌ಬುಕ್. ಎದೆಗೆ ಹಾಕುವ ಹಾರ್ನೆಸ್, ನಾಲ್ಕೈದು ಮೀಟರ್ ಉದ್ದದ ಹಗ್ಗ. ಮನೆಯವರ ಒಪ್ಪಿಗೆ. ಇವೆಲ್ಲಕ್ಕಿಂತ ಮುಂಚೆ ಪಶುವೈದ್ಯರ ಬಳಿ ಒಂದು ತಪಾಸಣೆ: ಕಿವಿನೋವು, ಹಲ್ಲುನೋವು, ಕೀಲುನೋವು ಇರುವ ನಾಯಿಯ ವರ್ತನೆಯನ್ನು ನೀವು ಸ್ವಭಾವ ಎಂದು ಓದಿಬಿಡುವ ಅಪಾಯವಿದೆ.

ಎಲ್ಲ ಹಂತಗಳನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದೊಂದಕ್ಕೆ ಒಂದು ವಾರವಾದರೂ ಕೊಡಿ.

1. ಒಂದು ವಾರ ಬರೀ ನೋಡಿ

ಈ ವಾರ ಪಾಠ ಹುಡುಕಬೇಡಿ. ದಿನಕ್ಕೆರಡು ಸಲ ಹತ್ತು ಹತ್ತು ನಿಮಿಷ ನಾಯಿಯನ್ನು ಗಮನಿಸಿ ಬರೆದಿಡಿ. ಪುಟದಲ್ಲಿ ಮೂರು ಕಾಲಂ ಎಳೆಯಿರಿ: ಮುಂಚೆ ಏನಾಯಿತು, ನಾಯಿ ಏನು ಮಾಡಿತು, ಆಮೇಲೆ ಏನಾಯಿತು. ತರಬೇತುದಾರರು ಇದನ್ನು 'ಎಬಿಸಿ ದಾಖಲೆ' ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಇಷ್ಟೇ.

ನಡುವಿನ ಕಾಲಂನಲ್ಲಿ ದೇಹ ಮಾಡಿದ್ದು ಮಾತ್ರ ಇರಲಿ. "ಮುನಿಸಿಕೊಂಡಿತು" ಎಂದು ಬರೆಯಬೇಡಿ. "ಬೆನ್ನು ತಿರುಗಿಸಿ, ಮೂಲೆಗೆ ಹೋಗಿ ಮಲಗಿತು" ಎಂದು ಬರೆಯಿರಿ. "ಖುಷಿಯಾಗಿತ್ತು" ಬೇಡ, "ಬಾಯಿ ಸಡಿಲವಾಗಿತ್ತು, ಬಾಲದ ಜೊತೆ ಸೊಂಟವೂ ಅಲ್ಲಾಡುತ್ತಿತ್ತು" ಸಾಕು. ಬಾಲ ಅಲ್ಲಾಡಿದ ಮಾತ್ರಕ್ಕೆ ಸ್ನೇಹ ಎಂದಲ್ಲ ಎಂಬುದು ನಿಮಗೆ ಈ ವಾರದಲ್ಲೇ ಹೊಳೆಯಬಹುದು. ಮೇಲೆದ್ದು ಸೆಟೆದ ಬಾಲ ಬಿರುಸಾಗಿ ಅಲ್ಲಾಡುತ್ತಿದ್ದರೆ, ಮೈ ಬಿಗಿಯಾಗಿದ್ದರೆ, ಹತ್ತಿರ ಹೋಗದಿರುವುದೇ ಲೇಸು.

ಎಲ್ಲರೂ ಎಡವುವುದು ಇಲ್ಲೇ. ಪ್ರಾಣಿಗೆ ಮನುಷ್ಯರ ಭಾವ, ಉದ್ದೇಶಗಳನ್ನು ಹಚ್ಚುವುದಕ್ಕೆ ಮಾನವೀಕರಣ ಎನ್ನುತ್ತಾರೆ. ಇದಕ್ಕೆ ಒಳ್ಳೆಯ ಉದಾಹರಣೆ ನಾಯಿಯ 'ತಪ್ಪಿತಸ್ಥ ಮುಖ'. ಕಿವಿ ಹಿಂದಕ್ಕೆ, ಕಣ್ಣು ಓರೆ, ತಲೆ ಕೆಳಗೆ. ನೋಡಿದವರು "ನೋಡಿ, ಇದಕ್ಕೆ ಮಾಡಿದ್ದು ಗೊತ್ತು" ಎಂದುಬಿಡುತ್ತಾರೆ. ನಾಯಿಗಳ ಮನಸ್ಸನ್ನು ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ತಿನ್ನಬೇಡ ಎಂದು ಹೇಳಿ ತಿಂಡಿ ಇಟ್ಟು ಯಜಮಾನರು ಹೊರಗೆ ಹೋಗುತ್ತಿದ್ದರು. ಅವರು ವಾಪಸ್ ಬಂದಾಗ ನಾಯಿ ತಿಂದಿದೆಯೋ ಇಲ್ಲವೋ ಎಂಬುದನ್ನು ಕೆಲವು ಸಲ ಬೇಕೆಂದೇ ತಪ್ಪಾಗಿ ಹೇಳಲಾಗುತ್ತಿತ್ತು. ಆ ಮುಖ ಬಂದದ್ದು ತಿಂದದ್ದಕ್ಕಲ್ಲ, ಬೈಸಿಕೊಂಡದ್ದಕ್ಕೆ. ಏನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಎದ್ದು ಕಂಡಿತು.

ನಿಮ್ಮ ಅಭ್ಯಾಸ: ಅದೇ ಮೂರು ಕಾಲಂಗಳನ್ನು ಒಬ್ಬ ಮನುಷ್ಯನ ವಿಷಯದಲ್ಲಿ ಬಳಸಿ ನೋಡಿ. "ಅವಳು ನನ್ನನ್ನು ಕಡೆಗಣಿಸಿದಳು" ಎಂಬುದು ನಡುವಿನ ಕಾಲಂಗೆ ಬರುವುದಿಲ್ಲ. "ಎರಡು ಮೆಸೇಜ್ ಕಳಿಸಿದೆ, ಸಂಜೆವರೆಗೆ ಉತ್ತರ ಬರಲಿಲ್ಲ" ಎಂಬುದು ಬರುತ್ತದೆ. ಬರೆದ ಮೇಲೆ ಅರ್ಧ ಸಿಟ್ಟಿಗೆ ಕಾರಣ ಉಳಿಯುವುದಿಲ್ಲ. ಉಳಿದರ್ಧಕ್ಕೆ ಅವರನ್ನೇ ಕೇಳಬೇಕು. ನಾಯಿಯನ್ನು ಕೇಳಲಾಗದು, ಮನುಷ್ಯರನ್ನು ಕೇಳಬಹುದು, ಅಷ್ಟೇ ವ್ಯತ್ಯಾಸ.

2. ಮೂಸಲು ಬಿಡಿ

ವಾಕಿಂಗ್ ಎಂದರೆ ನಮಗೆ ದೂರ ಮತ್ತು ಸಮಯ. ನಾಯಿಗೆ ವಾಸನೆ. ನಾವು ಹಗ್ಗ ಜಗ್ಗಿ "ಬಾ ಬಾ, ಸಾಕು" ಎನ್ನುವಾಗ ಅದು ಆ ಕಂಬದ ಬುಡದಲ್ಲಿ ಯಾರು ಬಂದಿದ್ದರು, ಯಾವಾಗ ಹೋದರು ಎಂಬ ಸುದ್ದಿಯ ನಡುವೆ ಇರುತ್ತದೆ.

ಮೂರು ವಾಕಿಂಗ್‌ಗೆ ಒಂದನ್ನಾದರೂ 'ಮೂಸುವ ನಡಿಗೆ' ಮಾಡಿ. ಹಾರ್ನೆಸ್ ಹಾಕಿ, ಉದ್ದ ಹಗ್ಗ ಸಡಿಲ ಬಿಡಿ, ದಾರಿ ನಾಯಿಯೇ ಆರಿಸಲಿ. ಅದು ನಿಂತರೆ ನೀವೂ ನಿಲ್ಲಿ. ಫೋನ್ ಜೇಬಲ್ಲಿರಲಿ. ಅರ್ಧ ಗಂಟೆಯಲ್ಲಿ ಇನ್ನೂರು ಹೆಜ್ಜೆ ಮಾತ್ರ ಆಯಿತೇ? ಆಗಲಿ ಬಿಡಿ. ಇದರಿಂದ ನಾಯಿಗೆ ಆಗುವ ಲಾಭ ಬರೀ ಊಹೆಯಲ್ಲ. ಶಾರ್ಲೊಟ್ ಡ್ಯುರಾಂಟನ್ ಮತ್ತು ಹೊರೊವಿಟ್ಜ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ನಾಯಿಗಳಿಗೆ ಎರಡು ವಾರ ಮೂಸಿ ಹುಡುಕುವ ಅಭ್ಯಾಸ, ಇನ್ನು ಕೆಲವಕ್ಕೆ ಯಜಮಾನರ ಪಕ್ಕದಲ್ಲೇ ನಡೆಯುವ ಅಭ್ಯಾಸ ಮಾಡಿಸಿದರು. ಆಮೇಲೆ, ತಿಂಡಿ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ ಎನ್ನುವಂಥ ಜಾಗದಲ್ಲಿ ಬಟ್ಟಲು ಇಟ್ಟಾಗ, ಮೂಸಿ ಹುಡುಕಿದ ನಾಯಿಗಳು ಮೊದಲಿಗಿಂತ ಬೇಗ ಅದರತ್ತ ಹೋದವು. ಏನಾದರೂ ಸಿಕ್ಕೀತು ಎಂಬ ಭರವಸೆ ಅವಕ್ಕೆ ಹೆಚ್ಚಿತ್ತು ಎಂದರ್ಥ.

ನಿಮ್ಮ ಅಭ್ಯಾಸ: ನಾಯಿ ನಿಂತಷ್ಟು ಹೊತ್ತು ನೀವು ಹಿಂದೆ ಗಮನಿಸದ ಒಂದು ಸಂಗತಿಯನ್ನು ಕಂಡುಹಿಡಿಯಿರಿ. ಒಂದು ಸದ್ದು, ಒಂದು ಗಿಡ, ಗೋಡೆಯ ಮೇಲಿನ ಬಿರುಕು. ಇದನ್ನು ಧ್ಯಾನ ಎಂದು ಕರೆದು ದೊಡ್ಡದು ಮಾಡುವ ಅಗತ್ಯವಿಲ್ಲ.

ಎಚ್ಚರಿಕೆ: ವಾಹನ ಓಡಾಡುವ ಕಡೆ ಉದ್ದ ಹಗ್ಗ ಬೇಡ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ನಾಯಿ ಒಮ್ಮೆಲೇ ಓಡಿದರೆ ಬೆರಳಿಗೆ ಪೆಟ್ಟು. ಮೂಸುವುದು ಬೇರೆ, ಬಾಯಿ ಹಾಕುವುದು ಬೇರೆ. "ಬಿಡು" ಎಂಬ ಮಾತು ಮೊದಲೇ ಕಲಿಸಿರಿ.

3. ಕೊಡವಿಕೊಳ್ಳುವ ವಿದ್ಯೆ

ನಾಯಿ ಒದ್ದೆಯಾಗದಿದ್ದರೂ ತಲೆಯಿಂದ ಬಾಲದವರೆಗೆ ಮೈ ಕೊಡವುವುದನ್ನು ಕಂಡಿರುತ್ತೀರಿ. ಅಪರಿಚಿತ ನಾಯಿ ದಾಟಿ ಹೋದ ಮೇಲೆ, ಅಪ್ಪಿಕೊಂಡವರು ಬಿಟ್ಟ ಮೇಲೆ, ಪಶುವೈದ್ಯರ ಮೇಜಿನಿಂದ ಇಳಿದ ಮೇಲೆ. ಎಬಿಸಿ ದಾಖಲೆಯಲ್ಲಿ ಇದನ್ನು ವಿಶೇಷವಾಗಿ ಗುರುತಿಸಿ. ಬಹಳ ಸಲ ಅದು ಬಿಗಿಯಾದ ಗಳಿಗೆ ಮುಗಿದ ಕೂಡಲೇ ಬರುತ್ತದೆ.

ಇದನ್ನೇ ಹಿಡಿದು "ನಾಯಿ ಎಲ್ಲ ಮರೆತುಬಿಡುತ್ತದೆ, ನಾವೂ ಮರೆಯೋಣ" ಎನ್ನುವವರಿದ್ದಾರೆ. ತಪ್ಪು. ಹೊಡೆದ ಕೈ ನಾಯಿಗೆ ವರ್ಷಗಟ್ಟಲೆ ನೆನಪಿರುತ್ತದೆ. ಅದಕ್ಕೂ ಸೂಕ್ಷ್ಮವಾದ ನೆನಪೂ ಅದಕ್ಕಿದೆ. ಹಂಗೇರಿಯಲ್ಲಿ ಕ್ಲೌಡಿಯಾ ಫುಗಾಜ್ಜಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಂದೆ ಕೇಳಬಹುದೆಂಬ ನಿರೀಕ್ಷೆಯೇ ಇಲ್ಲದೆ ನೋಡಿದ ಮನುಷ್ಯರ ಕ್ರಿಯೆಗಳನ್ನು ನಾಯಿಗಳು ಒಂದು ನಿಮಿಷದ ನಂತರ, ಕೆಲವು ಒಂದು ಗಂಟೆಯ ನಂತರವೂ ಅನುಕರಿಸಿ ತೋರಿಸಿದವು. ನಿನ್ನೆಯೇ ಇಲ್ಲದ ಪ್ರಾಣಿ ಅದಲ್ಲ.

ಹಾಗಾದರೆ ಕಲಿಯಬೇಕಾದ್ದೇನು? ಎರಡು ಸಂಗತಿ. ಒಂದು, ಘಟನೆ ಮುಗಿಯಿತು ಎಂದು ಮೈಗೆ ತಿಳಿಸುವುದು. ಬಿಸಿಯಾದ ಮೀಟಿಂಗ್, ಜಗಳದ ಫೋನ್ ಕರೆ ಮುಗಿದ ಮೇಲೆ ಅದೇ ಕುರ್ಚಿಯಲ್ಲಿ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ. ಎದ್ದು ನಿಲ್ಲಿ, ಭುಜ ಸಡಿಲಿಸಿ, ಕೈಕಾಲು ಕೊಡವಿ, ಬಾಗಿಲವರೆಗೆ ಹೋಗಿ ಬನ್ನಿ. ಎರಡು, ಒಂದರ ಮೇಲೊಂದು ಹೇರದಿರುವುದು. ಒಂದು ಒತ್ತಡ ಇಳಿಯುವ ಮುನ್ನ ಇನ್ನೊಂದು, ಅದರ ಮೇಲೆ ಮತ್ತೊಂದು ಬಿದ್ದರೆ ಶಾಂತ ನಾಯಿಯೂ ಸಣ್ಣ ಕಾರಣಕ್ಕೆ ಬಾಯಿ ಹಾಕೀತು. ತರಬೇತುದಾರರು ಇದಕ್ಕೆ 'ಟ್ರಿಗರ್ ಸ್ಟ್ಯಾಕಿಂಗ್' ಎನ್ನುತ್ತಾರೆ, ಅಂದರೆ ಕೆರಳಿಸುವ ಸಂಗತಿಗಳು ಪೇರಿಸಿಕೊಳ್ಳುವುದು. ಬೆಳಿಗ್ಗೆ ಸ್ನಾನ, ಮಧ್ಯಾಹ್ನ ನೆಂಟರು, ಸಂಜೆ ಪಟಾಕಿ ಸದ್ದು ಎಲ್ಲ ಒಂದೇ ದಿನ ಬಂದರೆ ರಾತ್ರಿ ಮಗು ಬಾಲ ಮುಟ್ಟಿದ್ದಕ್ಕೆ ಅದು ಗುರ್ರ್ ಎಂದರೆ ಬಾಲದ ತಪ್ಪಲ್ಲ. ನಿಮ್ಮ ದಿನಚರಿಯಲ್ಲೂ ಇಂಥ ದಿನಗಳು ಮುಂಚೆಯೇ ಕಾಣುತ್ತವೆ. ಕಠಿಣ ಕೆಲಸಗಳ ನಡುವೆ ಖಾಲಿ ಜಾಗ ಬಿಡಿ. ಸಾಧ್ಯವಿರುವುದನ್ನು ನಾಳೆಗೆ ತಳ್ಳಿ.

4. ಸಣ್ಣದರಲ್ಲೇ "ಬೇಡ" ಎನ್ನುವುದು

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ನಾಯಿಗೂ ಉಪಯೋಗ, ನಿಮಗೂ.

ನಾಯಿ ಏಕಾಏಕಿ ಕಚ್ಚುವುದು ಅಪರೂಪ. ಅದಕ್ಕೂ ಮುಂಚೆ ಮೆಟ್ಟಿಲುಗಳಿವೆ. ಮೊದಲು ಮುಖ ತಿರುಗಿಸುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಕಣ್ಣಿನ ಬಿಳಿ ಭಾಗ ಅರ್ಧಚಂದ್ರದಂತೆ ಕಾಣುತ್ತದೆ. ಎದ್ದು ದೂರ ಹೋಗುತ್ತದೆ. ಹೋಗಲು ಜಾಗವಿಲ್ಲದಿದ್ದರೆ ಮೈ ಕಲ್ಲಾಗುತ್ತದೆ. ಆಮೇಲೆ ಗುರ್ರ್ ಎನ್ನುತ್ತದೆ, ಹಲ್ಲು ತೋರಿಸುತ್ತದೆ, ಗಾಳಿಗೆ ಬಾಯಿ ಹಾಕುತ್ತದೆ. ಇಷ್ಟಕ್ಕೂ ಯಾರೂ ಬೆಲೆ ಕೊಡದಿದ್ದರೆ ಕೊನೆಯ ಮೆಟ್ಟಿಲು.

ಒಂದು ವಾರ ಮೊದಲ ಮೆಟ್ಟಿಲುಗಳನ್ನು ಹುಡುಕಿ. ಮುದ್ದಿಸುವಾಗ ಮೂರು ಸೆಕೆಂಡ್ ಕೈ ತೆಗೆಯಿರಿ. ನಾಯಿ ನಿಮ್ಮತ್ತ ಒರಗಿದರೆ, ಮೂತಿಯಿಂದ ಕೈ ತಳ್ಳಿದರೆ ಮುಂದುವರಿಸಿ. ಮುಖ ತಿರುಗಿಸಿದರೆ ನಿಲ್ಲಿಸಿ. ಹೀಗೆ ಸಣ್ಣ "ಬೇಡ"ಕ್ಕೆ ಬೆಲೆ ಕೊಟ್ಟಾಗ ನಾಯಿಗೆ ದೊಡ್ಡ "ಬೇಡ" ಹೇಳುವ ಪ್ರಮೇಯ ಕಡಿಮೆಯಾಗುತ್ತದೆ.

ನಿಮ್ಮ ಪಾಠ ಇದರ ಇನ್ನೊಂದು ಮಗ್ಗುಲು. ನಮ್ಮಲ್ಲಿ ಬಹಳ ಜನ ಮೊದಲ ಮೆಟ್ಟಿಲುಗಳನ್ನು ನುಂಗಿಕೊಂಡು ಸುಮ್ಮನಿರುತ್ತಾರೆ, ಒಂದು ದಿನ ನೇರವಾಗಿ ಕೊನೆಯದಕ್ಕೆ ಹಾರುತ್ತಾರೆ. ಎದುರಿನವರಿಗೆ ಅದು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಈ ವಾರ ಸಣ್ಣ ವಿಷಯವೊಂದನ್ನು ಆರಿಸಿ, ಬೇಗ ಮತ್ತು ಮೆಲ್ಲಗೆ "ಬೇಡ" ಎನ್ನಿ: "ಭಾನುವಾರ ಆಗೋದಿಲ್ಲ", "ಈ ತಮಾಷೆ ನನಗೆ ಹಿಡಿಸಲಿಲ್ಲ". ವಿವರಣೆ ಉದ್ದವಾದಷ್ಟೂ ಅದು ಚೌಕಾಶಿಯಾಗುತ್ತದೆ. ಒಂದೇ ವಾಕ್ಯದಲ್ಲಿ ಮುಗಿಸಿ.

ಎಚ್ಚರಿಕೆಗಳು, ದಯವಿಟ್ಟು ಹಾರಿಸಿ ಓದಬೇಡಿ:

ಗುರ್ರ್ ಎಂದದ್ದಕ್ಕೆ ನಾಯಿಯನ್ನು ಹೊಡೆಯಬೇಡಿ, ಗದರಬೇಡಿ. ಗುರುಗುಟ್ಟುವುದು ನಿಂತೀತು, ಅದರ ಹಿಂದಿನ ಭಯ ನಿಲ್ಲುವುದಿಲ್ಲ. ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚುವ ನಾಯಿಯನ್ನು ನೀವೇ ತಯಾರು ಮಾಡಿದಂತೆ. (ಮನೆಯ ಮಕ್ಕಳು "ಇಷ್ಟ ಇಲ್ಲ" ಎಂದಾಗಲೂ ಇದೇ ಮಾತು ಸಲ್ಲುತ್ತದೆ.)

ಮಲಗಿದ, ಉಣ್ಣುತ್ತಿರುವ, ಮರಿ ಹಾಕಿದ ನಾಯಿಯ ಮೇಲೆ ಈ ಪ್ರಯೋಗ ಬೇಡ. ಸಣ್ಣ ಮಕ್ಕಳನ್ನು ನಾಯಿಯ ಜೊತೆ ಒಂಟಿಯಾಗಿ ಬಿಡಬೇಡಿ, ಅದು ಎಷ್ಟೇ ಸಾಧುವಾದರೂ.

ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ವೈದ್ಯರ ಬಳಿ ಹೋಗಿ. ಗೀರಿದ್ದು ಸಣ್ಣದೆಂದು ಬಿಡಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚುಕಡಿಮೆ ಯಾರೂ ಉಳಿಯುವುದಿಲ್ಲ.

5. ಆಟಕ್ಕೆ ಕರೆಯುವ ರೀತಿ

ಎರಡು ನಾಯಿ ಆಡುವುದನ್ನು ನೋಡಿ. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ಬಾಗುವುದು ಆಟದ ಕರೆ. ಇದಕ್ಕೆ 'ಪ್ಲೇ ಬೋ' ಎನ್ನುತ್ತಾರೆ. ಪ್ರಾಣಿ ವರ್ತನೆಯ ವಿಜ್ಞಾನಿ ಮಾರ್ಕ್ ಬೆಕಾಫ್ ಇದನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಕಚ್ಚಿ ತಲೆ ಅಲ್ಲಾಡಿಸುವಂಥ, ತಪ್ಪು ತಿಳಿಯಬಹುದಾದ ಚೇಷ್ಟೆಯ ಮುಂಚೆ ಅಥವಾ ನಂತರ ಈ ಬಾಗು ಹೆಚ್ಚಾಗಿ ಬರುತ್ತದೆ ಎಂದು ಅವರು ಗುರುತಿಸಿದರು. ಇದು ಆಟವೇ, ಜಗಳವಲ್ಲ ಎಂದು ಮತ್ತೆ ಹೇಳಿದಂತೆ. ಬಲವಾದ ನಾಯಿ ತಾನಾಗಿ ಅಂಗಾತ ಬೀಳುತ್ತದೆ, ಓಟ ನಿಧಾನ ಮಾಡುತ್ತದೆ, ನಡುನಡುವೆ ಇಬ್ಬರೂ ನಿಲ್ಲುತ್ತಾರೆ.

ಆಟ ಒರಟಾಯಿತೇ ಎಂಬ ಅನುಮಾನ ಬಂದರೆ ಮೇಲುಗೈ ಆದ ನಾಯಿಯನ್ನು ಒಂದು ಗಳಿಗೆ ಹಿಡಿದುಕೊಳ್ಳಿ. ಇನ್ನೊಂದು ವಾಪಸ್ ಬಂದು ಕೆಣಕಿದರೆ ಆಟ. ಜಾಗ ಖಾಲಿ ಮಾಡಿದರೆ ಅದಕ್ಕೆ ಸಾಕಾಗಿದೆ.

ಯಾರನ್ನಾದರೂ ಛೇಡಿಸುವ ಅಭ್ಯಾಸ ನಿಮಗಿದ್ದರೆ ಇದೇ ಪರೀಕ್ಷೆ ನಿಮ್ಮ ಮೇಲೂ ಮಾಡಿಕೊಳ್ಳಿ. ಎರಡು ದಿನ ಛೇಡಿಸುವುದು ನಿಲ್ಲಿಸಿ. ಅವರಾಗಿ ಬಂದು ಕಾಲೆಳೆದರೆ ಸರಿ. ಬರದಿದ್ದರೆ ಇಷ್ಟು ದಿನ ಆಡುತ್ತಿದ್ದದ್ದು ನೀವೊಬ್ಬರೇ.

6. ನಾಯಿಗೆ ಕಲಿಸುತ್ತ ನಿಮ್ಮ ಅಭ್ಯಾಸ ತಿದ್ದಿಕೊಳ್ಳಿ

ನಾಯಿ ಬಾಲ ಡೊಂಕು ಎಂಬ ಗಾದೆ ಹೇಳಿ ತರಬೇತಿ ಕೈಬಿಟ್ಟವರು ಬಹಳ. ಆದರೆ ವಯಸ್ಸಾದ ನಾಯಿಯೂ ಕಲಿಯುತ್ತದೆ. ಸುಲಭದ ಒಂದು ಕೆಲಸ ಆರಿಸಿ, ಉದಾಹರಣೆಗೆ ಚಾಪೆಯ ಮೇಲೆ ಹೋಗಿ ಮಲಗುವುದು. ನಿಯಮಗಳು ಇಷ್ಟು:

ಬಹುಮಾನ ತಕ್ಷಣ, ಒಂದೆರಡು ಸೆಕೆಂಡಿನೊಳಗೆ. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ನಾಯಿಗೆ ತಿಳಿಯದು.

ಕೆಲಸವನ್ನು ಚೂರು ಮಾಡಿ. ಮೊದಲು ಚಾಪೆಯತ್ತ ನೋಡಿದ್ದಕ್ಕೇ ಬಹುಮಾನ, ಆಮೇಲೆ ಒಂದು ಕಾಲಿಟ್ಟದ್ದಕ್ಕೆ, ಆಮೇಲೆ ನಾಲ್ಕೂ.

ಮೂರರಿಂದ ಐದು ನಿಮಿಷಕ್ಕೆ ನಿಲ್ಲಿಸಿ, ನಾಯಿ ಗೆದ್ದಾಗಲೇ.

ಮನೆಯವರೆಲ್ಲ ಒಂದೇ ಮಾತು ಬಳಸಲಿ. ಒಬ್ಬರು ಸೋಫಾ ಹತ್ತಿಸಿ ಇನ್ನೊಬ್ಬರು ಬೈದರೆ ನಾಯಿ ಕಲಿಯುವುದು ಗೊಂದಲವನ್ನು ಮಾತ್ರ.

ಈಗ ಇದೇ ನಿಯಮಗಳಲ್ಲಿ ನಿಮ್ಮದೊಂದು ಅಭ್ಯಾಸ ಕಟ್ಟಿ. ದಿನಾ ಒಂದು ಗಂಟೆ ಓದುತ್ತೇನೆ ಎಂದು ಹೊರಟವರು ಮೂರನೇ ದಿನಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಿರುತ್ತಾರೆ. ನಾಯಿಗೆ ಹಾಗೆ ಮಾಡುತ್ತೀರಾ? ಪುಸ್ತಕ ತೆರೆದದ್ದಕ್ಕೇ ಮೊದಲ ವಾರ ಸಾಕು ಎನ್ನಿ.

ಕೆಟ್ಟ ಅಭ್ಯಾಸ ಬಿಡುವಾಗ ಇನ್ನೊಂದು ಸಂಗತಿ ತಿಳಿದಿರಲಿ. ಊಟದ ವೇಳೆ ಬೊಗಳಿ ತುತ್ತು ಕೇಳುವ ನಾಯಿಗೆ ಇನ್ನು ಕೊಡುವುದಿಲ್ಲ ಎಂದು ನೀವು ನಿರ್ಧರಿಸಿದರೆ ಬೊಗಳುವುದು ಮೊದಲು ಜೋರಾಗುತ್ತದೆ, ಆಮೇಲೆ ಇಳಿಯುತ್ತದೆ. ಆರುವ ದೀಪ ಒಮ್ಮೆ ಭುಗ್ಗೆನ್ನುವ ಹಾಗೆ. 'ಎಕ್ಸ್‌ಟಿಂಕ್ಷನ್ ಬರ್ಸ್ಟ್' ಎಂದು ಇದರ ಹೆಸರು. ಬಹಳ ಜನ ಸೋಲುವುದು ಸರಿಯಾಗಿ ಇದೇ ಗಳಿಗೆಯಲ್ಲಿ: ಜೋರಾಗಿ ಬೊಗಳಿದಾಗ ಒಂದು ತುತ್ತು ಎಸೆಯುತ್ತಾರೆ. ಜೋರಾಗಿ ಬೊಗಳಿದರೇ ಸಿಗುತ್ತದೆ ಎಂದು ನಾಯಿ ಕಲಿಯುತ್ತದೆ. ಫೋನ್ ನೋಡುವ ಚಟ ಬಿಡುವವರಿಗೂ ಮೊದಲ ಕೆಲವು ದಿನ ಕೈ ಹೆಚ್ಚೇ ತುರಿಸುತ್ತದೆ. ಅದು ಸೋಲಿನ ಲಕ್ಷಣವಲ್ಲ.

7. ನಿದ್ದೆ, ಸ್ವಾಗತ

ಇವೆರಡಕ್ಕೆ ಹೆಚ್ಚು ವಿವರಣೆ ಬೇಡ. ವಯಸ್ಕ ನಾಯಿ ದಿನದ ಸುಮಾರು ಅರ್ಧ ಭಾಗ ನಿದ್ದೆ ಮಾಡುತ್ತದೆ, ನಾಚಿಕೆಯಿಲ್ಲದೆ. ನಮ್ಮ ದೇಹಕ್ಕೆ ಅಷ್ಟು ಬೇಡ, ಆದರೆ ಸುಸ್ತಾದಾಗ ಮಲಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದನ್ನಂತೂ ಕಲಿಯಬಹುದು.

ಮನೆಗೆ ಬಂದವರನ್ನು ನಾಯಿ ಎದುರುಗೊಳ್ಳುವಂತೆ ನೀವೂ ಎದುರುಗೊಳ್ಳಿ: ಮೊದಲ ಎರಡು ನಿಮಿಷ ಫೋನ್ ಕೆಳಗೆ, ಕಣ್ಣು ಅವರ ಮೇಲೆ. ನಾಯಿ ಮತ್ತು ಯಜಮಾನರು ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಬಾಂಧವ್ಯದ ಹಾರ್ಮೋನ್ ಎನಿಸಿದ ಆಕ್ಸಿಟೋಸಿನ್ ಹೆಚ್ಚುವುದನ್ನು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಅಪರಿಚಿತ ನಾಯಿಯನ್ನು ಮಾತ್ರ ದಿಟ್ಟಿಸಿ ನೋಡಬೇಡಿ, ಅದಕ್ಕೆ ಅದು ಬೆದರಿಕೆ. ನೀವು ಹೊರಟರೆ ಊಳಿಟ್ಟು ಬಾಗಿಲು ಕೆರೆಯುವ ನಾಯಿಯಿದ್ದರೆ ಬಂದಾಗ ದೊಡ್ಡ ಸಂಭ್ರಮ ಮಾಡದೆ ತಣ್ಣಗೆ ಒಳಬನ್ನಿ, ಜೊತೆಗೆ ವರ್ತನಾ ತಜ್ಞರನ್ನು ಕಾಣಿ. ಒಂಟಿತನದ ಆತಂಕ ತಾನಾಗಿ ಹೋಗುವುದು ಅಪರೂಪ.

8. ನಿಯತ್ತು, ಕಾಯಿಲೆ, ಮುಪ್ಪು

ಎಲ್ಲರ ಪಟ್ಟಿಯಲ್ಲೂ ಮೊದಲು ಬರುವ ನಿಯತ್ತನ್ನು ಕೊನೆಗೆ ಇಟ್ಟಿದ್ದೇನೆ. ಟೋಕಿಯೊದ ಶಿಬುಯಾ ನಿಲ್ದಾಣದ ಹಾಚಿಕೊ, 1925ರಲ್ಲಿ ತೀರಿಕೊಂಡ ತನ್ನ ಯಜಮಾನನಿಗಾಗಿ 1935ರಲ್ಲಿ ತಾನು ಸಾಯುವವರೆಗೂ ಅಲ್ಲಿಗೆ ಬರುತ್ತಿತ್ತು. ಕಣ್ಣು ತುಂಬಿಸುವ ಕಥೆ. ಆದರೆ ನಾಯಿ ತನ್ನನ್ನು ಬಡಿಯುವವನ ಹಿಂದೆಯೂ ಹೋಗುತ್ತದೆ. ಅದನ್ನು ಮನುಷ್ಯರು ನಕಲು ಮಾಡಬಾರದು. ನಿಮ್ಮನ್ನು ನೋಯಿಸುವ ಸಂಬಂಧದಲ್ಲಿ "ನಾಯಿಯ ಹಾಗೆ ನಿಯತ್ತಾಗಿರಬೇಕು" ಎಂದು ಯಾರಾದರೂ ಹೇಳಿದರೆ ಆ ಮಾತು ಕೇಳಬೇಡಿ.

ನಿಯತ್ತಿನ ಪಾಠ ತಿರುಗುಮುರುಗಾಗಿ ಬೇಕು, ನಮ್ಮಿಂದ ಅದರ ಕಡೆಗೆ. ಜರ್ಮನಿಯ ಬಾನ್ ನಗರದ ಒಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ ಸುಮಾರು 14,000 ವರ್ಷ ಹಿಂದಿನ ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜೊತೆ ನಾಯಿಮರಿಯೊಂದರ ಮೂಳೆಗಳಿದ್ದವು. ಅದರ ಹಲ್ಲುಗಳ ಗುರುತು ನೋಡಿ, ಅದಕ್ಕೆ ಡಿಸ್ಟೆಂಪರ್ ಎಂಬ ಮಾರಕ ಸೋಂಕು ತಗುಲಿತ್ತು, ಯಾರೋ ವಾರಗಟ್ಟಲೆ ಆರೈಕೆ ಮಾಡದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲ ಎಂದು ಸಂಶೋಧಕರು 2018ರಲ್ಲಿ ಬರೆದರು. ಬೇಟೆಗೂ ಕಾವಲಿಗೂ ಬಾರದ ಮರಿ ಅದು.

ನಾಯಿಗೆ ವಯಸ್ಸಾದಾಗ ನೋಟ್‌ಬುಕ್ ಮತ್ತೆ ತೆರೆಯಿರಿ. ಊಟ, ನೀರು, ನಡಿಗೆ, ನಿದ್ದೆ, ಆಟದ ಆಸಕ್ತಿ ಎಲ್ಲಕ್ಕೂ ಒಂದೊಂದು ಸಾಲು. ಒಳ್ಳೆಯ ದಿನಗಳಿಗೂ ಕೆಟ್ಟ ದಿನಗಳಿಗೂ ಬೇರೆ ಬೇರೆ ಗುರುತು ಹಾಕಿ. ಕಷ್ಟದ ನಿರ್ಧಾರ ಬಂದಾಗ ಪಶುವೈದ್ಯರ ಜೊತೆ ಮಾತಾಡಲು ಇದಕ್ಕಿಂತ ಒಳ್ಳೆಯ ಆಧಾರವಿಲ್ಲ. "ಎಷ್ಟು ತಾಳ್ಮೆ, ನೋವು ತೋರಿಸುವುದೇ ಇಲ್ಲ" ಎಂದು ಮೆಚ್ಚಿಕೊಳ್ಳಬೇಡಿ. ನಾಯಿ ನೋವನ್ನು ಮುಚ್ಚಿಡುತ್ತದೆ. ಮೆಟ್ಟಿಲು ಹತ್ತಲು ಹಿಂಜರಿಯುವುದು, ಒಂದೇ ಜಾಗ ನೆಕ್ಕುತ್ತಿರುವುದು, ರಾತ್ರಿ ಸುಮ್ಮನೆ ಅಡ್ಡಾಡುವುದು ಕಂಡರೆ ತೋರಿಸಿ. ಮನೆಯ ಹಿರಿಯರು "ಏನೂ ಇಲ್ಲ ಬಿಡು" ಎಂದಾಗಲೂ ಕಾಲು, ಕೈ, ಊಟದ ತಟ್ಟೆ ನೋಡಿ.

ನಾಯಿ ಇಲ್ಲದವರು ಏನು ಮಾಡಬೇಕು?

ಪಾಠ ಕಲಿಯಲೆಂದು ನಾಯಿ ತರಬೇಡಿ. ಅದು ಹತ್ತರಿಂದ ಹದಿನೈದು ವರ್ಷದ ಜವಾಬ್ದಾರಿ. ನಾಯಿ ಸಾಕಿದ ಸ್ನೇಹಿತರನ್ನೋ ಪ್ರಾಣಿ ಆಶ್ರಯ ತಾಣವನ್ನೋ ಕೇಳಿ, ವಾರಕ್ಕೆ ಒಂದೆರಡು ಸಲ ವಾಕಿಂಗ್ ಕರೆದೊಯ್ಯುವ ಕೆಲಸ ವಹಿಸಿಕೊಳ್ಳಿ. ಒಂದು ಮತ್ತು ಎರಡನೇ ಹಂತಕ್ಕೆ ಅಷ್ಟು ಸಾಕು. ಮೊದಲ ಭೇಟಿಯಲ್ಲಿ ನಾಯಿಯ ತಲೆಯ ಮೇಲೆ ಕೈ ಚಾಚಬೇಡಿ. ಪಕ್ಕಕ್ಕೆ ತಿರುಗಿ ನಿಂತು, ಅದಾಗಿ ಬಂದು ಮೂಸುವವರೆಗೆ ಕಾಯಿರಿ. ಬರದಿದ್ದರೆ ಅವತ್ತಿಗೆ ಬಿಟ್ಟು ಇನ್ನೊಂದು ದಿನ ಹೋಗಿ.